ನನ್ನ ಹೆಸರಿನ ಐದನೆಯ ನಂಬರು

ಜೂನ್ 3, ಮಂಗಳವಾರ

ಪರ್ಸ್ ಕಳೆದುಹೋಗಿದೆ.

ಅತ್ತಿಗುಪ್ಪೆಯಲ್ಲಿ ಒಬ್ಬ ಹಿರಿಯರ ಮನೆಗೆ ಉಯಿಲಿನ ಕರಡು ಓದಿಸಲು ಹೋಗಿದ್ದೆ. ಅಲ್ಲಿ ಪರ್ಸ್ ಇತ್ತು; ಅದರಿಂದಲೇ ಅವರಿಗೆ ವಿಸಿಟಿಂಗ್ ಕಾರ್ಡ್ ತೆಗೆದುಕೊಟ್ಟಿದ್ದೇನೆ. ಆಮೇಲೆ ವಿಜಯನಗರದ ಮಾರ್ಕೆಟ್ಟಿನ ನೂಕುನುಗ್ಗಲಿನಲ್ಲಿ ಮಾವಿನಹಣ್ಣು ಕೊಂಡು, ಆಟೋ ಹತ್ತಿ ಸುಂಕದಕಟ್ಟೆಗೆ ಬಂದೆ. ಹಣ್ಣಿಗೂ ಆಟೋಗೂ ಷರ್ಟಿನ ಜೇಬಿನಿಂದಲೇ ಕೊಟ್ಟೆ. ಮನೆಯಲ್ಲಿ ಪ್ಯಾಂಟು ಬದಲಿಸುವಾಗ ಹಿಂದಿನ ಜೇಬು ಖಾಲಿ. ಮಾರ್ಕೆಟ್ಟಿನಲ್ಲಿ ಯಾರೋ ಹೊಡೆದಿದ್ದಾರೆ, ಅನುಮಾನವಿಲ್ಲ.

ಅದರಲ್ಲಿದ್ದದ್ದು: ಆಧಾರ್, ಪ್ಯಾನ್, ಲೈಸೆನ್ಸ್, ಬ್ಯಾಂಕಿನ ಎರಡು ಕಾರ್ಡು, ನನ್ನ ಪಾಸ್‌ಪೋರ್ಟ್ ಸೈಜ್ ಫೋಟೋ ನಾಲ್ಕು, ಅಪ್ಪನ ಫೋಟೋ ಒಂದು, ಲ್ಯಾಮಿನೇಟ್ ಮಾಡಿಸಿದ ಹಳೆಯ ಚೀಟಿ ಒಂದು. ಚೀಟಿಯಲ್ಲಿ ‘ತುರ್ತಾಗಿ ಸಂಪರ್ಕಿಸಬೇಕಾದವರು’ ಎಂದು ಎಂದೋ ಎರಡು ನಂಬರ್ ಬರೆದಿದ್ದೆ. ಪರ್ಸ್ ಬದಲಾದಾಗಲೆಲ್ಲ ಓದಿ ನೋಡದೆ ಹೊಸದಕ್ಕೆ ಹಾಕಿಕೊಂಡಿದ್ದೇನೆ. ಹಣ ಹೆಚ್ಚಿರಲಿಲ್ಲ.

ನಾನು ಇಪ್ಪತ್ತಾರು ವರ್ಷದಿಂದ ರಾಜಾಜಿನಗರದ ನೋಂದಣಿ ಕಚೇರಿಯೆದುರು ಕುಳಿತು ಕ್ರಯಪತ್ರ, ಉಯಿಲು, ಹಕ್ಕು ಬಿಡುಗಡೆ ಪತ್ರ ಬರೆಯುವವನು. ಮೂಲ ದಾಖಲೆ ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುತ್ತೇನೆ. ಒಬ್ಬನ ಫೋಟೋ ಮತ್ತು ಆಧಾರ್ ಸಿಕ್ಕರೆ ಅವನ ಹೆಸರಿನಲ್ಲಿ ಏನೇನು ಮಾಡಬಹುದೆಂದು ನನಗೆ ಚೆನ್ನಾಗಿ ಗೊತ್ತು. ಹೆಂಡತಿಗೆ ವಿಷಯ ಹೇಳಿದೆ. ರಾಗಿಣಿ ಮೊದಲು ನಕ್ಕಳು, ಆಮೇಲೆ ಮಾವಿನಹಣ್ಣು ಹುಳಿ ಎಂದಳು.

ಜೂನ್ 4, ಬುಧವಾರ

ಕೆಲಸಕ್ಕೆ ಹೋಗಲಿಲ್ಲ. ಪೊಲೀಸರ ಆ್ಯಪ್‌ನಲ್ಲಿ ಕಳೆದ ದಾಖಲೆಗಳ ವರದಿ ಕೊಟ್ಟೆ, ಸ್ವೀಕೃತಿ ಬಂತು. ಬ್ಯಾಂಕಿನ ಎರಡೂ ಕಾರ್ಡ್ ಬ್ಲಾಕ್ ಮಾಡಿಸಿದೆ. ಆಧಾರಿನ ಬೆರಳಚ್ಚು ಲಾಕ್ ಮಾಡಿದೆ. ನನ್ನ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ವರದಿ ತೆಗೆಸಿ ನೋಡಿದೆ, ಇಲ್ಲ. ಎಲ್ಲದರ ಪ್ರಿಂಟ್ ತೆಗೆದು ಫೈಲ್ ಮಾಡಿದೆ. ಫೈಲಿನ ಮೇಲೆ ‘ಪರ್ಸ್, 2025’ ಎಂದು ಬರೆದದ್ದು ನೋಡಿ ರಾಗಿಣಿ, “ಸದ್ಯ, ಕಳ್ಳನಿಗೂ ಒಂದು ಪ್ರತಿ ಕಳಿಸಿಲ್ವಲ್ಲ” ಎಂದಳು.

ಮನೆಯಲ್ಲಿದ್ದದ್ದರಿಂದ ಇನ್ನೊಂದು ಕಂಡಿತು. ಹನ್ನೊಂದು ಗಂಟೆಗೆ ಅಮ್ಮ ಸೆರಗಿನಲ್ಲಿ ಫೋನು ಕಟ್ಟಿಕೊಂಡು ಮಹಡಿ ಹತ್ತಿದಳು. ಅವಳಿಗೆ ಎಪ್ಪತ್ತಾರು. ಮಂಡಿ ನೋವೆಂದು ದೇವಸ್ಥಾನದ ನಾಲ್ಕು ಮೆಟ್ಟಿಲನ್ನೂ ಹತ್ತುವುದಿಲ್ಲ.

“ಎಲ್ಲಿಗಮ್ಮ?”

“ಕೆಳಗೆ ಸಿಗ್ನಲ್ ಸಿಗಲ್ಲ ಕಣೋ.”

“ಇಲ್ಲೇ ಫುಲ್ ಇದೆಯಲ್ಲ.”

“ನಿನ್ನ ಫೋನಿಗಿರುತ್ತೆ. ನಂದು ಬಡವರ ಫೋನು.”

ಅರ್ಧ ಗಂಟೆ ಇಳಿಯಲಿಲ್ಲ. ಬ್ಯಾಡರಹಳ್ಳಿಯಲ್ಲಿರುವ ಗೆಳತಿ ಶಿವಕ್ಕನ ಹತ್ತಿರ ಮಾತಾಡುತ್ತಾಳೆಂದು ಕಾಣುತ್ತದೆ. ಇಬ್ಬರಿಗೂ ಬೇರೆ ಕೆಲಸವಿಲ್ಲ.

ಜೂನ್ 6, ಶುಕ್ರವಾರ

ಹೊಸ ಆಧಾರ್ ಕಾರ್ಡಿಗೆ ಅರ್ಜಿ ಹಾಕಿಯಾಯಿತು. ನನ್ನ ಹೆಸರು ಈಗ ಯಾರ ಕೈಯಲ್ಲಿದೆಯೋ ಎಂಬ ಯೋಚನೆ ಮಾತ್ರ ಹೋಗುತ್ತಿಲ್ಲ. ಇಂದು ಕಚೇರಿಯಲ್ಲಿ ಒಬ್ಬರ ಕ್ರಯಪತ್ರ ಬರೆಯುವಾಗ ಖರೀದಿದಾರರ ಜಾಗದಲ್ಲಿ ನನ್ನ ಹೆಸರನ್ನೇ ಬರೆದುಬಿಟ್ಟಿದ್ದೆ. ಹಾಳೆ ಹರಿದು ಹೊಸದು ತೆಗೆದೆ.

ಸಂಜೆ ಅಮ್ಮ ಹುರುಳಿಕಾಯಿ ಬಿಡಿಸುತ್ತ ಕುಳಿತಿದ್ದಳು.

“ಪರ್ಸ್ ಸಿಗುತ್ತೆ ಬಿಡೋ. ಒಳ್ಳೇವ್ರ ಕೈಗೇ ಸಿಕ್ಕಿರುತ್ತೆ.”

“ನಿನಗೆ ಹೇಗೆ ಗೊತ್ತು?”

“ಯಾರಾದ್ರೂ ತಂದ್ಕೊಟ್ರೆ ಒಳಗೆ ಕರ್ದು ಒಂದ್ ಲೋಟ ಕಾಫಿ ಕೊಡ್ತೀಯಾ?”

“ಪೊಲೀಸರನ್ನ ಕರೀತೀನಿ. ಇಷ್ಟು ದಿನ ಇಟ್ಕೊಂಡು ಏನ್ ಮಾಡ್ತಿದ್ರು ಅಂತ ಅವ್ರೇ ಕೇಳ್ಲಿ.”

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. “ನಿಮ್ಮಪ್ಪ ಹೀಗಿರ್ಲಿಲ್ಲ” ಎಂದಳು.

ಅಪ್ಪ ಹೋಗಿ ಹನ್ನೊಂದು ವರ್ಷ. ಆ ವರ್ಷದಿಂದ ನನ್ನ ತಂಗಿ ಜಗದಾಂಬಾ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಕೆಂಗೇರಿಯಲ್ಲಿ ಗಂಡನೊಂದಿಗೆ ಹಿಟ್ಟಿನ ಗಿರಣಿ ನಡೆಸುತ್ತಾಳೆಂದು ಕೇಳಿದ್ದೇನೆ. ಅದು ಇಲ್ಲಿ ಬರೆಯುವ ವಿಷಯವಲ್ಲ.

ಜೂನ್ 7, ಶನಿವಾರ

ಪಕ್ಕದ ಮೇಜಿನಲ್ಲಿ ಛಾಪಾ ಕಾಗದ ಮಾರುವ ನಾಗೇಂದ್ರ ಒಂದು ಕಥೆ ಹೇಳಿದ. ಅವನ ಭಾವನ ಆಧಾರಿನಲ್ಲಿ ಯಾರೋ ಸಿಮ್ ತೆಗೆದುಕೊಂಡು ಊರೆಲ್ಲ ಮೋಸ ಮಾಡಿದ್ದರಂತೆ. ಪೊಲೀಸರು ಬಂದು ಬಾಗಿಲು ತಟ್ಟಿದ್ದು ಭಾವನ ಮನೆಗೆ. “ನಿಮ್ ಹೆಸ್ರಲ್ಲಿ ಎಷ್ಟು ನಂಬರ್ ಓಡ್ತಾ ಇದೆ ಅಂತ ಮೊದ್ಲು ನೋಡ್ಕೊಳಿ ಸಾರ್” ಎಂದ.

ನನ್ನ ಪಟ್ಟಿಯಲ್ಲಿ ಇದು ಇರಲಿಲ್ಲ. ಕೂಡಲೇ ಸರ್ಕಾರದ ವೆಬ್‌ಸೈಟ್ ತೆರೆದೆ. ನನ್ನ ಹೆಸರಿನಲ್ಲಿ ಐದು ನಂಬರ್. ಪೂರ್ತಿ ತೋರಿಸುವುದಿಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ. ನನ್ನದು, ಕಚೇರಿಯದು, ರಾಗಿಣಿಯದು, ಅಮ್ಮನದು. ಹಿಂದೆಲ್ಲ ಮನೆಯವರಿಗೆ ಸಿಮ್ ಕೊಡಿಸುತ್ತಿದ್ದವನು ನಾನೇ. ಜೆರಾಕ್ಸು, ಫೋಟೋ ಸದಾ ನನ್ನ ಬ್ಯಾಗಿನಲ್ಲಿರುತ್ತಿದ್ದುದರಿಂದ ಯಾರಿಗೆ ಬೇಕಾದರೂ ನನ್ನ ಹೆಸರಿನಲ್ಲೇ ತೆಗೆಯುವುದು ನಮ್ಮಲ್ಲಿ ರೂಢಿ.

ಐದನೆಯದು 4417ರಲ್ಲಿ ಕೊನೆಯಾಗುತ್ತದೆ. ಎಷ್ಟು ಯೋಚಿಸಿದರೂ ಯಾರದೆಂದು ಹೊಳೆಯಲಿಲ್ಲ. ಫೋನಿನಲ್ಲಿ ಹುಡುಕಿದೆ, ಇಲ್ಲ. ಹಾಗಾದರೆ ಕಳ್ಳ ಕೆಲಸ ಶುರು ಮಾಡಿದ್ದಾನೆ. ‘ಇದು ನನ್ನ ನಂಬರ್ ಅಲ್ಲ’ ಎಂಬುದನ್ನು ಒತ್ತಿದೆ. ದೂರಿನ ಸಂಖ್ಯೆ ಬಂತು. ನಾಲ್ಕು ದಿನದ ಮೇಲೆ ಇಂದು ಮೊದಲ ಬಾರಿಗೆ ಹೊಟ್ಟೆ ತುಂಬ ಊಟ ಮಾಡಿದೆ. ಮನೆಯಲ್ಲಿ ಹೇಳಲಿಲ್ಲ, ಹೆಂಗಸರು ಹೆದರುತ್ತಾರೆ.

ಜೂನ್ 8, ಭಾನುವಾರ

ಅಮ್ಮ ತೊಗರಿಬೇಳೆ, ಬೆಲ್ಲ ತರಿಸಿದ್ದಾಳೆ. ಮುಂದಿನ ಭಾನುವಾರ ಒಬ್ಬಟ್ಟಂತೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕೇಳಿದರೆ, “ತಿನ್ಬೇಕು ಅನ್ನಿಸ್ತು” ಎಂದಳು. ಮಾಮೂಲಿಗಿಂತ ಎರಡರಷ್ಟು ಬೇಳೆ.

ಜೂನ್ 10, ಮಂಗಳವಾರ

ಮೆಸೇಜು ಬಂದಿದೆ: ನೀವು ದೂರು ನೀಡಿದ ಸಂಖ್ಯೆಯನ್ನು ಸ್ಥಗಿತಗೊಳಿಸಲಾಗಿದೆ. ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ.

ಮಧ್ಯಾಹ್ನ ಕಚೇರಿಗೆ ಅಮ್ಮನ ಫೋನು. ಅವಳು ಹೀಗೆ ಮಾಡುವವಳಲ್ಲ.

“ನನ್ನ ಫೋನು ಕೆಟ್ಟಿದೆ ಕಣೋ.”

“ಕೆಟ್ಟಿದ್ರೆ ನನಗೆ ಹೇಗಮ್ಮ ಮಾಡ್ತಾ ಇದೀಯ?”

“ನಿನಗೆ ಹೋಗುತ್ತೆ. ಬೇರೆ ಕಡೆ ಹೋಗಲ್ಲ.”

ಸಂಜೆ ಬಂದು ಪರೀಕ್ಷಿಸಿದೆ. ನನ್ನ ಫೋನಿಗೆ ಬಂತು, ರಾಗಿಣಿಯ ಫೋನಿಗೂ ಬಂತು. ಸರಿಯಾಗಿದೆ ಎಂದೆ. ಅಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ದಿಂಬಿನ ಕೆಳಗಿಟ್ಟಳು. ಯಾರಿಗೆ ಹೋಗುತ್ತಿಲ್ಲ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಜೂನ್ 12, ಗುರುವಾರ

ಅಮ್ಮ ಮುದ್ದೆ ಅರ್ಧ ಬಿಟ್ಟಳು. ಮಹಡಿಗೂ ಹೋಗುತ್ತಿಲ್ಲವಂತೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಬಿಪಿ ಸರಿ ಇದೆ. ಔಷಧಿ ಬರೆಯಲು ಏನೂ ಇಲ್ಲವೆಂದು ಆತ ಒಂದು ಟಾನಿಕ್ ಬರೆದ. ದಾರಿಯಲ್ಲಿ ಅಮ್ಮ ಒಂದೇ ಮಾತು ಕೇಳಿದಳು.

“ನಂಬರ್ ಅಸ್ತಿತ್ವದಲ್ಲಿಲ್ಲ ಅಂತ ಫೋನಲ್ಲಿ ಆ ಹುಡುಗಿ ಹೇಳ್ತಾಳಲ್ಲ, ಹಂಗಂದ್ರೆ ಆ ಮನುಷ್ಯರೇ ಇಲ್ಲ ಅಂತಲಾ?”

“ಅಲ್ಲಮ್ಮ. ನಂಬರ್ ಇಲ್ಲ ಅಂತ.”

“ಅಷ್ಟೇ ತಾನೆ?” ಎಂದು ಮತ್ತೆ ಮತ್ತೆ ಕೇಳಿದಳು. ವಯಸ್ಸಾಯಿತು.

ಜೂನ್ 14, ಶನಿವಾರ

ಪರ್ಸ್ ಸಿಕ್ಕಿತು. ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಗೇಟಿನಲ್ಲಿ ಒಬ್ಬ ಆಟೋದವನು. ಹೆಸರು ದ್ಯಾಮಪ್ಪ, ಬಾಗಲಕೋಟೆ ಕಡೆಯವನು. ನನ್ನ ಪರ್ಸ್ ಕೈಗಿಟ್ಟ. ಮಾರ್ಕೆಟ್ಟಿನಲ್ಲಿ ಯಾರೂ ಹೊಡೆದಿರಲಿಲ್ಲ. ಅವನ ಸೀಟಿನ ಸಂದಿಗೆ ಜಾರಿತ್ತು.

“ಹನ್ನೊಂದು ದಿನ ಏನು ಮಾಡ್ತಿದ್ದೆ?” ಎಂದೆ.

“ಮರುದಿನಾನ ಫೋನ್ ಹಚ್ಚೇನ್ರಿ ಸಾಹೇಬ್ರ. ಒಳಗ ಚೀಟಿ ಇತ್ತಲ್ರಿ, ಎರಡು ನಂಬರಿನ್ದು. ಒಂದು ಹತ್ತಲಿಲ್ಲ. ಇನ್ನೊಂದು ನಿಮ್ಮ ತಂಗ್ಯಾರು ಎತ್ತಿದ್ರು. ‘ನಮ್ಮಣ್ಣಂದು, ನಾನೇ ಮನೀಗೆ ಹೋಗಿ ಕೊಡ್ತೀನಿ’ ಅಂದು, ಕೆಂಗೇರಿಗೆ ಕರೆಸಿ ಇಸಕೊಂಡ್ರು. ಭಾಳ ಖುಷಿಯಾಗಿದ್ರು ನೋಡ್ರಿ ಅವತ್ತು. ನಿನ್ನೆ ಮತ್ತ ಬ್ಯಾರೆ ಫೋನಿಂದ ಕರದು, ‘ನಾನು ಹೋಗಲ್ಲ, ನೀವೇ ಕೊಟ್ಬಿಡಿ’ ಅಂತ ವಾಪಸ್ ಕೊಟ್ರು.”

ಪರ್ಸ್ ತೆರೆದು ಒಂದೊಂದಾಗಿ ಪಟ್ಟಿಯೊಂದಿಗೆ ತಾಳೆ ನೋಡಿದೆ. ಆಧಾರ್, ಪ್ಯಾನ್, ಲೈಸೆನ್ಸ್, ಎರಡು ಕಾರ್ಡು, ನನ್ನ ನಾಲ್ಕು ಫೋಟೋ, ಅಪ್ಪನದು ಒಂದು. ಎಲ್ಲ ಇದೆ. ಲ್ಯಾಮಿನೇಟ್ ಮಾಡಿಸಿದ ಚೀಟಿ ಒಂದು ಇಲ್ಲ.

ಒಂದು ನಂಬರ್ ನಮ್ಮ ಹಳೇ ಲ್ಯಾಂಡ್‌ಲೈನಿನದು. ಇನ್ನೊಂದು ಜಗದಾಂಬಾಳದು. ಮದುವೆಗೆ ಮುಂಚೆ ಅವಳಿಗೆ ಸಿಮ್ ಕೊಡಿಸಿದವನು ನಾನು, ನನ್ನದೇ ಜೆರಾಕ್ಸು ಕೊಟ್ಟು. ದ್ಯಾಮಪ್ಪನ ಫೋನಿನಲ್ಲಿ ನೋಡಿದೆ, ಕೊನೆಯ ನಾಲ್ಕು ಅಂಕಿ 4417.

ದ್ಯಾಮಪ್ಪನಿಗೆ ಕಾಫಿ ಕೊಟ್ಟೆವು. ಅವನು ಹೋದ ಮೇಲೆ ನಡುಮನೆಯಲ್ಲಿ ನಿಂತು, ನಂಬರ್ ಕಟ್ ಮಾಡಿಸಿದ್ದು ನಾನೇ ಎಂದು ಹೇಳಿದೆ. ಆಗ ಅಮ್ಮನೂ ಬಾಯಿಬಿಟ್ಟಳು. ಹನ್ನೊಂದು ವರ್ಷದಿಂದ ದಿನಾ ಹನ್ನೊಂದು ಗಂಟೆಗೆ, ನಾನು ಕಚೇರಿಗೆ ಹೋದ ಮೇಲೆ, ಅವಳು ಮಾತಾಡುತ್ತಿದ್ದದ್ದು ಶಿವಕ್ಕನ ಹತ್ತಿರವಲ್ಲ. ರಾಗಿಣಿಗೂ ಗೊತ್ತಿತ್ತು. ಪರ್ಸ್ ಕೊಡುವ ನೆಪದಲ್ಲಿ ನಾಳೆ ಭಾನುವಾರ ಜಗದಾಂಬಾ ಇಲ್ಲಿಗೆ ಬರುವುದೆಂದು ತಾಯಿ ಮಗಳು ಮಾತಾಡಿಕೊಂಡಿದ್ದರಂತೆ. ಒಬ್ಬಟ್ಟು ಅದಕ್ಕೆ.

“ಬೇಕು ಅಂತ ಮಾಡಿದ್ದಲ್ಲ” ಎಂದೆ.

ಉತ್ತರ ಕೊಟ್ಟದ್ದು ರಾಗಿಣಿ. “ನಿಮ್ಮ ಹೆಸ್ರು ಯಾರೋ ಬರ್ಕೊಂಡ್ರೆ ಅಂತ ಹತ್ತು ದಿನ ನಿದ್ದೆ ಮಾಡ್ಲಿಲ್ಲ. ಅವ್ಳ ಹೆಸ್ರು ನೀವೇ ಬಿಟ್ರಲ್ಲ, ಅವ್ಳು ಎಷ್ಟು ದಿನ ಮಲಗ್ಲಿಲ್ವೋ ಕೇಳಿದ್ರಾ?”

ಅವಳು ಹೇಳಿದ್ದು ವಂಶವೃಕ್ಷದ ವಿಷಯ. ಅಪ್ಪ ಹೋದ ಮೇಲೆ ಮನೆಯ ಖಾತೆ ಬದಲಾವಣೆಗೆ ಬೇಕಾಗಿತ್ತು. ಬರೆದದ್ದು ನಾನೇ: ಲೇಟ್ ತಿಮ್ಮಯ್ಯ, ಹೆಂಡತಿ ಪಾಪಮ್ಮ, ಮಗ ಯೋಗಾನಂದ. ಮಗಳ ಹೆಸರು ಹಾಕಿದರೆ ಅವಳ ಸಹಿ ಬೇಕು, ಸಹಿಗೆ ಅವಳು ಬರಬೇಕು, ದಿನ ಹಿಡಿಯುತ್ತದೆ. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿಕೊಳ್ಳುವವರು ಬೇಕಾದಷ್ಟು ಜನ. ಅದು ತಪ್ಪೆಂದು ಗೊತ್ತಿದ್ದೂ ಎಷ್ಟೋ ಮನೆಗೆ ನಾನೇ ಬರೆದುಕೊಟ್ಟಿದ್ದೇನೆ. ಮನೆಯಲ್ಲಿದ್ದ ಅದರ ಪ್ರತಿ ನೋಡಿ ಜಗದಾಂಬಾ ನನ್ನ ಹತ್ತಿರ ಬಂದಳು. ಪಾಲು ಕೇಳಲಿಲ್ಲ. “ಬೇಕಾದ ಕಡೆ ಸಹಿ ಹಾಕ್ತೀನಿ ಕಣೋ, ಹೆಸ್ರು ಬರಿ. ನಾನು ಅಪ್ಪನ ಮಗಳಲ್ವಾ?” ಎಂದಳು. ನಾನು, “ಈಗ ಸಲ್ಲಿಸಿ ಆಯ್ತು” ಎಂದೆ. ಆಗ ಇನ್ನೂ ಸಲ್ಲಿಸಿರಲಿಲ್ಲ. ಬ್ಯಾಗಿನಲ್ಲೇ ಇತ್ತು.

ಇದನ್ನು ಈವರೆಗೆ ಎಲ್ಲಿಯೂ ಬರೆದಿರಲಿಲ್ಲ. ನನಗೆ ನಾಚಿಕೆಯಾಗಿದೆ.

ಜೂನ್ 15, ಭಾನುವಾರ

ಒಬ್ಬಟ್ಟು ಆಗಲಿಲ್ಲ. ಬೇಳೆ ಡಬ್ಬಿಯಲ್ಲಿದೆ.

ಜೂನ್ 16, ಸೋಮವಾರ

ಮುಖ್ಯರಸ್ತೆಯ ಮೊಬೈಲ್ ಅಂಗಡಿಗೆ ಹೋದೆ. ನಡೆಸುವವನು ಶ್ರೀಶೈಲ ಎಂಬ ಹುಬ್ಬಳ್ಳಿಯ ಯುವಕ. ನನ್ನ ಹೆಸರಿನಲ್ಲಿರುವ ನಂಬರಿನ ದಾಖಲೆ ಸರಿಯಿರಬೇಕು, ಹೋದದ್ದು ಅಷ್ಟಕ್ಕೇ.

“ನಂದಲ್ಲ ಅಂತ ನೀವೇ ದೂರು ಕೊಟ್ಟು, ಈಗ ನಂದು ಅಂತೀರಲ್ರಿ” ಎಂದು ನಕ್ಕ. ನಂಬರನ್ನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲವಂತೆ. ನಾನು ದೂರು ವಾಪಸು ಪಡೆದು, ನಂಬರ್ ನನ್ನದೇ ಎಂದೂ, ಅದನ್ನು ನನ್ನ ಒಪ್ಪಿಗೆಯಿಂದ ಇನ್ನೊಬ್ಬರು ಬಳಸುತ್ತಾರೆಂದೂ ಬರೆದುಕೊಟ್ಟರೆ ಹೊಸ ಸಿಮ್ ತರಿಸಿಕೊಡುತ್ತಾನೆ.

ಫಾರಂ ಕೊಟ್ಟ. ಬಳಸುವವರ ಹೆಸರು. ಬಳಸುವವರೊಂದಿಗೆ ಅರ್ಜಿದಾರರ ಸಂಬಂಧ. ದಿನಕ್ಕೆ ಮೂವತ್ತು ಸಲ ಇಂಥ ಕಾಲಂ ತುಂಬಿಸುವವನು ನಾನು.

“ಯಾಕ್ರಿ, ಪೆನ್ನು ಬರೀವಲ್ದೇನು?” ಎಂದ ಶ್ರೀಶೈಲ.

ಪೆನ್ನು ಬರೆಯುತ್ತಿತ್ತು. ‘ತಂಗಿ’ ಎಂದು ಬರೆದು ಸಹಿ ಹಾಕಿದೆ. ಗುರುತಿಗೆ ಆಧಾರ್ ಕೇಳಿದ. ಪರ್ಸಿನಿಂದಲೇ ತೆಗೆದುಕೊಟ್ಟೆ.

ಜೂನ್ 21, ಶನಿವಾರ

ನಿನ್ನೆ ಸಿಮ್ ಬಂತು. ಇಂದು ಅತ್ತಿಗುಪ್ಪೆಯಿಂದ ಮೆಟ್ರೋದಲ್ಲಿ ಕೆಂಗೇರಿಗೆ ಹೋದೆ. ಕೊರಿಯರ್‌ನಲ್ಲಿ ಕಳಿಸಬಹುದಿತ್ತು, ಆದರೆ ಸಿಮ್ ಕಳೆದುಹೋದರೆ ಮತ್ತೆ ಅಲೆದಾಟ.

ಗಿರಣಿ ಓಡುತ್ತಿತ್ತು. ಜಗದಾಂಬಾ ತಲೆಗೆ ಟವೆಲ್ ಕಟ್ಟಿಕೊಂಡು ರಾಗಿ ಸುರಿಯುತ್ತಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ಮೊದಲು ಗಿರಾಕಿಯೆಂದುಕೊಂಡು “ಅರ್ಧ ಗಂಟೆ ಆಗುತ್ತೆ ಸಾರ್” ಎಂದಳು. ಆಮೇಲೆ ಮೆಷೀನ್ ನಿಲ್ಲಿಸಿದಳು.

“ಅಮ್ಮಂಗೆ ಏನಾಯ್ತು?”

“ಏನೂ ಇಲ್ಲ. ಚೆನ್ನಾಗಿದಾಳೆ.” ಸಿಮ್ ಇದ್ದ ಲಕೋಟೆ ಮುಂದಿಟ್ಟೆ. “ನಿನ್ನ ನಂಬರ್. ಸಂಜೆಯೊಳಗೆ ಶುರುವಾಗುತ್ತೆ.”

ಅವಳು ಮುಟ್ಟಲಿಲ್ಲ. “ಪರ್ಸ್ ನನ್ನ ಹತ್ರ ಇದೆ ಅಂತ ಗೊತ್ತಾಗಿ, ನಾನು ಬರಬಾರ್ದು ಅಂತ ನೀನೇ ಕಟ್ ಮಾಡಿಸ್ದೆ ಅಂದ್ಕೊಂಡೆ.”

“ಕಟ್ ಮಾಡಿಸಿದ್ದು ನಾನೇ. ಆದ್ರೆ ನಿಂದು ಅಂತ ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ?”

ಗೊತ್ತಿಲ್ಲ ಎಂದೆ. ಸುಳ್ಳು ಹೇಳಬೇಕೆನ್ನಿಸಲಿಲ್ಲ.

“ಬೇರೆ ಫೋನಿಂದ ಅಮ್ಮಂಗೆ ಮಾಡ್ಬಹುದಿತ್ತಲ್ಲ” ಎಂದೆ.

“ಅಮ್ಮನ ಸಿಮ್ಮೂ ನಿನ್ನ ಹೆಸ್ರಲ್ಲೇ ಇದೆ. ಅದನ್ನೂ ತೆಗೆಸಿಬಿಟ್ರೆ ಅಂತ ಸುಮ್ನಾದೆ.”

ನನ್ನ ಬಗ್ಗೆ ಹೀಗೆ ಯೋಚಿಸುವವರಿದ್ದಾರೆಂದು ನನಗೆ ತಿಳಿದಿರಲಿಲ್ಲ. ಆಮೇಲೆ ನನಗೆ ತಿಳಿದದ್ದನ್ನು ಹೇಳಿದೆ: ಇನ್ನೊಬ್ಬರ ಹೆಸರಿನ ನಂಬರ್ ಬಳಸುವುದು ಅಪಾಯ, ನಿನ್ನ ಹೆಸರಿಗೆ ವರ್ಗಾಯಿಸಿಕೋ, ಫಾರಂ ತಂದಿದ್ದೇನೆ, ಸಹಿ ಹಾಕಿದ್ದೇನೆ.

“ಅದು ನನಗೂ ಗೊತ್ತು ಕಣೋ. ಮೂರು ಸಲ ಕಂಪನಿಯವ್ರೇ ಕೇಳಿದ್ರು. ನಾನೇ ಮಾಡಿಸ್ಕೊಂಡಿಲ್ಲ.” ಟವೆಲ್ ಬಿಚ್ಚಿ ಮುಖ ಒರೆಸಿಕೊಂಡಳು. “ಆ ಮನೆಗೂ ನನಗೂ ಸಂಬಂಧ ಇದೆ ಅನ್ನೋಕೆ ಇನ್ಯಾವ ಕಾಗದ ಇತ್ತು ನನ್ನ ಹತ್ರ?”

ಗಿರಾಕಿಗಳು ಬಂದರು. ಅವಳು ಮೆಷೀನ್ ಹಾಕಿದಳು. ಹೊರಡುವಾಗ ಚೀಟಿ ಕೇಳಿದೆ, ಪಟ್ಟಿಯಲ್ಲಿ ಅದೊಂದು ಬಾಕಿಯಿದೆ ಎಂದೆ. “ಅದು ನನ್ನ ಹತ್ರಾನೇ ಇರ್ಲಿ. ಬೇಕಾದ್ರೆ ಬೇರೆ ಬರ್ಕೋ” ಎಂದು ಮೆಷೀನಿನ ಸದ್ದಿನ ಮೇಲೆ ಕೂಗಿ ಹೇಳಿದಳು. ಎರಡು ಕೆಜಿ ರಾಗಿಹಿಟ್ಟು ಕಟ್ಟಿಕೊಟ್ಟಳು. ಮನೆಗೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಲಕೋಟೆ ಮಾತ್ರ ತೆಗೆದುಕೊಂಡಿದ್ದಳು. ಮೆಟ್ರೋದಲ್ಲಿ ಹಿಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದೆ, ಇನ್ನೂ ಬಿಸಿ ಇತ್ತು.

ಜೂನ್ 25, ಬುಧವಾರ

ನಾಡಕಚೇರಿಗೆ ಹೋಗಿ ಹೊಸ ವಂಶವೃಕ್ಷಕ್ಕೆ ಅರ್ಜಿ ಕೊಟ್ಟೆ. ಲೇಟ್ ತಿಮ್ಮಯ್ಯ, ಹೆಂಡತಿ ಪಾಪಮ್ಮ, ಮಕ್ಕಳು ಯೋಗಾನಂದ, ಜಗದಾಂಬಾ. ಹಿಂದಿನದರಲ್ಲಿ ಮಗಳ ಹೆಸರು ಯಾಕಿಲ್ಲ ಎಂದು ಗುಮಾಸ್ತ ಕೇಳಿದ. ನಾನು ಬಿಟ್ಟಿದ್ದೆ ಎಂದೆ.

“‘ಕಣ್ತಪ್ಪಿನಿಂದ’ ಅಂತ ಹಾಕಿ ಸಾರ್. ಎಲ್ರೂ ಹಂಗೇ ಹಾಕೋದು. ನಿಮಗೆ ನಾನು ಹೇಳ್ಬೇಕಾ?”

“ಕಣ್ತಪ್ಪಲ್ಲ. ನೋಡ್ಕೊಂಡೇ ಬಿಟ್ಟಿದ್ದು. ಹಾಗೇ ಬರ್ಕೊಳಿ.”

ಅವನು ನನ್ನ ಮುಖ ನೋಡಿದ. ಇದರಿಂದ ಖಾತೆಗೆ ತೊಡಕಾಗಬಹುದು, ಗೊತ್ತಿದೆ. ತನ್ನ ಪಾಲು ಬೇಕೆಂದು ಅವಳು ಕೇಳಿದರೆ ಅದರ ಪತ್ರವನ್ನೂ ನಾನೇ ಬರೆಯಬೇಕಾಗುತ್ತದೆ. ಬರೆಯುತ್ತೇನೆ.

ಜೂನ್ 27, ಶುಕ್ರವಾರ

ಕೆಮ್ಮಿನಿಂದ ಕೆಲಸಕ್ಕೆ ಹೋಗಲಿಲ್ಲ. ಹನ್ನೊಂದಕ್ಕೆ ಅಮ್ಮನ ಫೋನು ರಿಂಗಾಯಿತು. ಮಹಡಿಗೆ ಹೋಗಲಿಲ್ಲ. ನಡುಮನೆಯಲ್ಲಿ, ನನ್ನೆದುರೇ ಕಾಲು ಚಾಚಿ ಕುಳಿತು ಮುಕ್ಕಾಲು ಗಂಟೆ ಮಾತಾಡಿದಳು. ಕಿವಿ ಮಂದವಾದ್ದರಿಂದ ಕೂಗಿಯೇ ಮಾತಾಡುತ್ತಾಳೆ. ಪೇಪರ್ ಓದಲಾಗಲಿಲ್ಲ. ಮಡಿಸಿಟ್ಟೆ.

ಫೋನಿಟ್ಟ ಮೇಲೆ ಬೇಳೆಯ ಡಬ್ಬಿ ತೆಗೆದು ಹುಳ ಬಿದ್ದಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದಳು.

ಮಧ್ಯಾಹ್ನ ಪರ್ಸಿಗೆ ಹೊಸ ಚೀಟಿ ಬರೆದೆ. ‘ತುರ್ತಾಗಿ ಸಂಪರ್ಕಿಸಬೇಕಾದವರು: ಜಗದಾಂಬಾ, ತಂಗಿ.’ ಮೊದಲ ಸಲ ಅಮ್ಮನ ಫೋನಿನಲ್ಲಿ ನೋಡಿ ನಂಬರ್ ಬರೆದೆ. ಅಕ್ಷರ ಸೊಟ್ಟಗಾಗಿತ್ತು, ಇನ್ನೊಂದು ಬರೆದೆ. ಅದರ ಮೇಲೆ ಕಾಫಿ ಚೆಲ್ಲಿತು. ಮೂರನೆಯ ಚೀಟಿಗೆ ನೋಡುವುದು ಬೇಕಾಗಲಿಲ್ಲ. ಹತ್ತೂ ಅಂಕಿ ತಾವಾಗಿಯೇ ಬಂದವು.